ಜೇನುಪೆಟ್ಟಿಗೆ ಇಟ್ಟರೆ ಬೆಳೆ ಬೇಗ ಬೆಳೆಯುತ್ತದೆಯೇ?

ಮಕ್ಕಳು ಮೊಬೈಲಿನಲ್ಲಿ, ಕಂಪ್ಯೂಟರಿನಲ್ಲಿ ಆಡುವ ಆಟಗಳೆಂದರೆ ಬರಿಯ ಓಟ, ಹೊಡೆದಾಟ ಎಂದು ನೀವು ಭಾವಿಸಿದ್ದರೆ ಒಮ್ಮೆ ಅವರ ಪಕ್ಕದಲ್ಲಿ ಕುಳಿತು ನೋಡಿ. ಅಲ್ಲಿ ಬೇಸಾಯವೂ ಇದೆ. ನೆಲ ಅಗೆಯುವುದು, ಬಿತ್ತುವುದು, ನೀರು ಹಾಯಿಸುವುದು, ಕೊಯ್ಯುವುದು ಎಲ್ಲವೂ ಬೆರಳ ತುದಿಯಲ್ಲಿ ನಡೆಯುತ್ತದೆ. ಮೈನ್‌ಕ್ರಾಫ್ಟ್ ಎಂಬ ಜಗತ್ಪ್ರಸಿದ್ಧ ಆಟಕ್ಕೆ 2019ರ ಡಿಸೆಂಬರಿನಲ್ಲಿ ಜೇನುಹುಳುಗಳೂ ಬಂದು ಸೇರಿದವು. ಹೊಲದ ಅಂಚಿನಲ್ಲಿ ಒಂದು ಜೇನುಪೆಟ್ಟಿಗೆ ಇಟ್ಟು, ನಾಲ್ಕು ಹೂಗಿಡ ನೆಟ್ಟರೆ ಸಾಕು. ಹೂವಿಗೆ ಹೋಗಿ ಬಂದ ಹುಳು ಹೊಲದ ಮೇಲೆ ಹಾರುವಾಗ ಅದರ ಮೈಯಿಂದ ಪರಾಗದ ಪುಡಿ ಉದುರುತ್ತದೆ, ಪುಡಿ ಬಿದ್ದ ಪೈರು ತಟ್ಟನೆ ಒಂದು ಹಂತ ಬೆಳೆಯುತ್ತದೆ. ಗೋಧಿ, ಆಲೂಗಡ್ಡೆ, ಕ್ಯಾರೆಟ್ ಯಾವುದೇ ಇರಲಿ, ಜೇನು ಸುಳಿದಷ್ಟೂ ಕೊಯ್ಲು ಹತ್ತಿರವಾಗುತ್ತದೆ.

ಇದನ್ನು ಕಂಡ ಮಗು, "ನಮ್ಮ ತೋಟದಲ್ಲೂ ಒಂದು ಪೆಟ್ಟಿಗೆ ಇಟ್ಟರೆ ಟೊಮ್ಯಾಟೊ ಬೇಗ ಬರುತ್ತದಲ್ಲವೇನಪ್ಪಾ?" ಎಂದು ಕೇಳಿದರೆ ಆಶ್ಚರ್ಯವಿಲ್ಲ. ದೊಡ್ಡವರು ಕೇಳುವ ಪ್ರಶ್ನೆಯೂ ಬಹುಮಟ್ಟಿಗೆ ಇದೇ. ಜೇನು ಸಾಕಿದರೆ ಇಳುವರಿ ಹೆಚ್ಚುತ್ತದೆ ಎಂಬ ಮಾತನ್ನು ಭಾಷಣಗಳಲ್ಲಿ, ಕರಪತ್ರಗಳಲ್ಲಿ ನಾವೆಲ್ಲ ಕೇಳಿದ್ದೇವೆ. ಯಾವ ಬೆಳೆಗೆ, ಎಷ್ಟು, ಯಾವಾಗ ಎಂಬುದನ್ನು ಬಿಡಿಸಿ ಹೇಳುವವರು ಕಡಿಮೆ. ಹಾಗೆ ಬಿಡಿಸಿ ನೋಡದೆ ಪೆಟ್ಟಿಗೆಗೆ ಹಣ ಹಾಕಿ, ಕೆಲವೇ ತಿಂಗಳಲ್ಲಿ ಖಾಲಿ ಪೆಟ್ಟಿಗೆಯನ್ನು ಹಿತ್ತಲಿಗೆ ಎತ್ತಿಟ್ಟವರಿದ್ದಾರೆ. ಆದ್ದರಿಂದ ಕೋಲಾರ ಸೀಮೆಯ ಮುಳಬಾಗಿಲು ತಾಲ್ಲೂಕಿನ ತಾಯಲೂರು ಹೋಬಳಿಯಂಥ ಕಡೆಯ ಒಬ್ಬ ಸಣ್ಣ ರೈತನ ಹೊಲದಲ್ಲಿ ನಿಂತು ಈ ಪ್ರಶ್ನೆಗೆ ಉತ್ತರ ಹುಡುಕೋಣ. ಕೆಂಪು ನೆಲ, ಕೊಳವೆಬಾವಿಯ ನೀರು, ಒಂದು ಕಡೆ ರಾಗಿ, ಇನ್ನೊಂದು ಕಡೆ ಟೊಮ್ಯಾಟೊ, ಚಪ್ಪರದ ಮೇಲೆ ಹೀರೆ ಹಾಗಲ, ಬದುವಿನಾಚೆ ಮಾವು. ಇಂಥ ಹೊಲವನ್ನು ನೀವೂ ಬಲ್ಲಿರಿ.

ಆಟದಲ್ಲಿ ಸರಿ ಇರುವುದು ಏನು?

ಆಟ ಮಾಡಿದವರಿಗೆ ಜೇನಿನ ವಿಷಯ ತಿಳಿದಿಲ್ಲ ಎನ್ನುವಂತಿಲ್ಲ. ಅಲ್ಲಿ ಹುಳುಗಳು ರಾತ್ರಿ ಮತ್ತು ಮಳೆಯಲ್ಲಿ ಹೊರಗೆ ಬರುವುದಿಲ್ಲ, ಗೂಡಿನಲ್ಲೇ ಇರುತ್ತವೆ. ಗೂಡಿನ ಕೆಳಗೆ ಬೆಂಕಿ ಹಾಕಿ ಹೊಗೆ ಕೊಟ್ಟರೆ ಸಿಟ್ಟಾಗದೆ ಜೇನು ಬಿಟ್ಟುಕೊಡುತ್ತವೆ. ಕುಟುಕಿದ ಹುಳು ಸಾಯುತ್ತದೆ. ಇವೆಲ್ಲ ನಮ್ಮ ಜೇನು ಸಾಕುವವರು ದಿನವೂ ಕಾಣುವ ಸಂಗತಿಗಳೇ. ಒಂದು ಗೂಡಿನಲ್ಲಿ ಮೂರೇ ಹುಳು ಇರುವುದು ಮಾತ್ರ ನಗು ತರಿಸುತ್ತದೆ, ನಮ್ಮ ತುಡುವೆಯ ಒಂದು ಒಳ್ಳೆಯ ಕುಟುಂಬದಲ್ಲಿ ಹತ್ತಾರು ಸಾವಿರ ಹುಳುಗಳಿರುತ್ತವೆ.

2016ರಲ್ಲಿ ಬಂದ ಸ್ಟಾರ್‌ಡ್ಯೂ ವ್ಯಾಲಿ ಎಂಬ ಇನ್ನೊಂದು ಬೇಸಾಯದ ಆಟದಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಜೇನುಮನೆಯಿಂದ ಬೆಳೆಗೆ ಏನೂ ಆಗುವುದಿಲ್ಲ, ಹತ್ತಿರದಲ್ಲಿ ಯಾವ ಹೂವಿದೆಯೋ ಅದಕ್ಕೆ ತಕ್ಕಂತೆ ಜೇನುತುಪ್ಪದ ಜಾತಿಯೂ ಬೆಲೆಯೂ ಬದಲಾಗುತ್ತವೆ. ಒಂದು ಆಟ ಹೂವಿನಿಂದ ಜೇನಿಗೆ ಸಿಗುವ ಲಾಭವನ್ನು ಹಿಡಿದುಕೊಂಡರೆ, ಇನ್ನೊಂದು ಜೇನಿನಿಂದ ಬೆಳೆಗೆ ಸಿಗುವ ಲಾಭವನ್ನು ಹಿಡಿದುಕೊಂಡಿದೆ. ನಿಜವಾದ ಹೊಲದಲ್ಲಿ ಎರಡೂ ಒಂದೇ ವ್ಯವಹಾರದ ಎರಡು ಮುಖ. 2021ರ ಫಾರ್ಮಿಂಗ್ ಸಿಮ್ಯುಲೇಟರ್ 22 ಎಂಬ ಆಟದಲ್ಲಿ ಪೆಟ್ಟಿಗೆ ಪಕ್ಕದ ಸೂರ್ಯಕಾಂತಿ ಹೊಲ ಹೆಚ್ಚು ಇಳುವರಿ ಕೊಡುತ್ತದೆ. ನಿಜ ಸಂಗತಿಗೆ ಇದೇ ಹೆಚ್ಚು ಸಮೀಪ. ಏಕೆಂದು ಮುಂದೆ ನೋಡೋಣ.

ಮೈನ್‌ಕ್ರಾಫ್ಟ್ ಎಡವುವುದು ಎರಡು ಕಡೆ. ಮೊದಲನೆಯದು, ಅಲ್ಲಿ ಯಾವುದೋ ಹೂವಿನ ಪರಾಗ ಗೋಧಿಯ ಮೇಲೆ ಬಿದ್ದು ಗೋಧಿ ಬೆಳೆಯುತ್ತದೆ. ಪ್ರಕೃತಿಯಲ್ಲಿ ಕುಂಬಳದ ಪರಾಗ ಕುಂಬಳಕ್ಕೇ, ಸೂರ್ಯಕಾಂತಿಯದು ಸೂರ್ಯಕಾಂತಿಗೇ. ಒಂದು ಜೇನುಹುಳು ಒಂದು ಸುತ್ತಿನಲ್ಲಿ ಬಹುಮಟ್ಟಿಗೆ ಒಂದೇ ಜಾತಿಯ ಹೂಗಳ ಮೇಲೆ ಓಡಾಡುತ್ತದೆ. ಈ ನಿಷ್ಠೆಯಿಂದಾಗಿಯೇ ಅದು ರೈತನಿಗೆ ಇಷ್ಟು ಉಪಕಾರಿ. ಎರಡನೆಯದು ಇನ್ನೂ ಮುಖ್ಯವಾದದ್ದು. ಜೇನು ಗಿಡವನ್ನು ಬೆಳೆಸುವುದಿಲ್ಲ. ಬೇರು, ಕಾಂಡ, ಎಲೆ ಇವು ನೀರು, ಗೊಬ್ಬರ, ಬಿಸಿಲಿನ ಕೆಲಸ. ಜೇನಿನ ಕೆಲಸ ಹೂವು ಬಿಟ್ಟ ಮೇಲೆ ಆರಂಭವಾಗಿ, ಹೂವು ಕಾಯಿ ಕಚ್ಚುವಷ್ಟರಲ್ಲಿ ಮುಗಿದುಹೋಗುತ್ತದೆ.

ಗಂಡು ಕೇಸರದ ಪರಾಗ ಹೆಣ್ಣು ಭಾಗದ ತುದಿಗೆ ತಲುಪಬೇಕು, ಅಲ್ಲಿ ಮೊಳೆತು ಒಳಗಿಳಿಯಬೇಕು, ಆಗ ಒಂದೊಂದು ಅಂಡವೂ ಒಂದೊಂದು ಬೀಜವಾಗುತ್ತದೆ. ಬೀಜ ಕಟ್ಟುತ್ತಿದ್ದಂತೆ ಅದರಿಂದ ಹೊರಡುವ ಹಾರ್ಮೋನುಗಳು ಸುತ್ತಲಿನ ತಿರುಳು ಬೆಳೆಯುವಂತೆ ಮಾಡುತ್ತವೆ. ಕಾಯಿಯ ಯಾವ ಮಗ್ಗುಲಲ್ಲಿ ಬೀಜ ಕಟ್ಟಲಿಲ್ಲವೋ ಆ ಮಗ್ಗುಲು ಬೆಳೆಯದೆ ಉಳಿಯುತ್ತದೆ. ಸಂತೆಯಲ್ಲಿ ನೀವು ಬದಿಗೆ ತಳ್ಳುವ ಸೊಟ್ಟ ಸೌತೆಕಾಯಿ, ಒಂದು ತುದಿ ಉಬ್ಬಿ ಇನ್ನೊಂದು ತುದಿ ಬತ್ತಿದ ಕಾಯಿ, ಇವುಗಳಲ್ಲಿ ಅನೇಕವು ಜೇನು ಸಾಲದೆ ಹಾಗಾದವು.

ಹೊಲವನ್ನು ಒಂದು ಸುತ್ತು ಬರೋಣ

ಮೊದಲು ರಾಗಿ. ಅದರ ಹೂವು ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ, ಜೇನಿನ ಹಂಗಿಲ್ಲ. ನೆಲಗಡಲೆಯೂ ಹಾಗೆಯೇ. ಭತ್ತಕ್ಕೂ ಜೇನು ಬೇಡ. ಆಲೂಗಡ್ಡೆಯಲ್ಲಿ ನಮಗೆ ಬೇಕಾದದ್ದು ನೆಲದೊಳಗಿನ ಗೆಡ್ಡೆ, ಮೇಲೆ ಹೂವು ಬಂದರೂ ಬಾರದಿದ್ದರೂ ಗೆಡ್ಡೆಗೆ ವ್ಯತ್ಯಾಸವಿಲ್ಲ. ಹಿಪ್ಪುನೇರಳೆಯಲ್ಲಿ ಬೇಕಾದದ್ದು ಎಲೆ. ಪಾಲಿಹೌಸಿನಲ್ಲಿ ಬೆಳೆಯುವ ಸೌತೆಯ ತಳಿಗಳು ಪರಾಗವೇ ಇಲ್ಲದೆ ಬೀಜರಹಿತ ಕಾಯಿ ಬಿಡುವಂಥವು, ಅಲ್ಲಿಗೆ ಜೇನು ಹೊಕ್ಕರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಹೊಲದ ಅರ್ಧ ಭಾಗಕ್ಕೆ ಇಲ್ಲಿಗೇ ಉತ್ತರ ಸಿಕ್ಕಿತು.

ಇನ್ನು ಟೊಮ್ಯಾಟೊ. ಕೋಲಾರದ ಮಾರುಕಟ್ಟೆ, ಮುಳಬಾಗಿಲು ತಾಲ್ಲೂಕಿನಲ್ಲೇ ಇರುವ ವಡ್ಡಹಳ್ಳಿ ಮಾರುಕಟ್ಟೆ, ಇವುಗಳಿಂದ ಲಾರಿಗಟ್ಟಲೆ ಟೊಮ್ಯಾಟೊ ದೇಶದ ನಾನಾ ಮೂಲೆಗೆ ಹೋಗುತ್ತದೆ. ಈ ಸೀಮೆಯ ಕುಟುಂಬಗಳ ಸಾಲವೂ ಸಂಭ್ರಮವೂ ಆ ಕ್ರೇಟುಗಳ ಮೇಲೆಯೇ ನಿಂತಿದೆ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಟೊಮ್ಯಾಟೊ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಒಂದೇ ಹೂವಿನೊಳಗೆ ಇವೆ. ಪರಾಗ ಇರುವುದು ಹಳದಿ ಶಂಕುವಿನಂಥ ಕೊಳವೆಯ ಒಳಗೆ. ಗಾಳಿಗೆ ಗಿಡ ಅಲುಗಿದರೆ ಉಪ್ಪಿನ ಡಬ್ಬಿ ಅಲ್ಲಾಡಿಸಿದಂತೆ ಪರಾಗ ಒಳಗೇ ಉದುರಿ, ಅದೇ ಹೂವಿನ ಹೆಣ್ಣು ಭಾಗಕ್ಕೆ ಅಂಟಿಕೊಳ್ಳುತ್ತದೆ. ಬಯಲಲ್ಲಿ ಬೆಳೆದ ಟೊಮ್ಯಾಟೊಗೆ ಬಹುಮಟ್ಟಿಗೆ ಇಷ್ಟೇ ಸಾಕು. ಪೆಟ್ಟಿಗೆಯ ಜೇನಿಗೆ ಈ ಹೂವಿನಲ್ಲಿ ಮಕರಂದವೂ ಇಲ್ಲ, ಪರಾಗ ಉದುರಿಸುವ ವಿದ್ಯೆಯೂ ಇಲ್ಲ. ಆ ವಿದ್ಯೆ ಬಲ್ಲವು ಬೇರೆ ಕೆಲವು ದುಂಬಿಗಳು. ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳಿರುವ ಒಂದು ಒಂಟಿ ಜೇನು, ಒಣಮರ ಕೊರೆದು ಮನೆ ಮಾಡುವ ದೊಡ್ಡ ಕರಿ ದುಂಬಿ, ಇವು ಹೂವನ್ನು ಹಿಡಿದು ಮೈ ಗುಂಯ್ಯೆಂದು ನಡುಗಿಸಿ ಪರಾಗ ಉದುರಿಸುತ್ತವೆ. ಬದನೆ ಹೂವಿಗೂ ಇವೇ ಬೇಕು. ಇವು ಪೆಟ್ಟಿಗೆಯಲ್ಲಿ ವಾಸಿಸುವಂಥವಲ್ಲ. ಬದುವಿನ ಮಣ್ಣು, ಒಣಗಿದ ಕೊಂಬೆ, ಹಳೆಯ ಬಿದಿರು ಉಳಿದಿದ್ದರೆ ಇವೂ ಉಳಿದಿರುತ್ತವೆ. ಏಪ್ರಿಲ್, ಮೇ ತಿಂಗಳ ಬಿರುಬಿಸಿಲಿನಲ್ಲಿ ಟೊಮ್ಯಾಟೊ ಹೂವು ಉದುರುವುದು ಜೇನಿಲ್ಲದೆ ಅಲ್ಲ, ಸೆಕೆಗೆ ಪರಾಗವೇ ಸತ್ತುಹೋಗುವುದರಿಂದ. ಆದ್ದರಿಂದ ಟೊಮ್ಯಾಟೊಗಾಗಿಯೇ ಜೇನುಪೆಟ್ಟಿಗೆ ಕೊಳ್ಳಲು ಹೊರಟವರು ಆ ಹಣವನ್ನು ಉಳಿಸಿಕೊಳ್ಳುವುದು ಲೇಸು.

ಮಾವಿನ ವಿಷಯ ಅಷ್ಟು ಸರಳವಲ್ಲ. ಪಕ್ಕದ ಶ್ರೀನಿವಾಸಪುರದ ತೋತಾಪುರಿ, ಬಾದಾಮಿ, ಮಲ್ಲಿಕಾ ತೋಪುಗಳು ಡಿಸೆಂಬರಿನಿಂದ ಫೆಬ್ರವರಿಯವರೆಗೆ ಹೂವಿನಲ್ಲಿ ಮುಳುಗಿರುತ್ತವೆ. ಒಂದು ಹೂಗೊಂಚಲಿನಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಹೂಗಳಿದ್ದರೂ ಕೊನೆಗೆ ಉಳಿಯುವುದು ಒಂದೋ ಎರಡೋ ಕಾಯಿ. ಹೂಗಳಲ್ಲಿ ಬಹುಪಾಲು ಬರಿಯ ಗಂಡು ಹೂಗಳು. ಇಲ್ಲಿ ಪರಾಗ ಸಾಗಿಸುವ ಮುಖ್ಯ ಕೂಲಿಯಾಳು ಜೇನಲ್ಲ, ನೊಣ. ನಾವು ಮೂಗು ಮುರಿಯುವ ಮನೆನೊಣ, ಹಸಿರು ಮಿಂಚಿನ ನೊಣ, ಜೇನಿನಂತೆಯೇ ಕಾಣುವ ಹೂನೊಣ ಇವೇ ಹೆಚ್ಚು. ಜೇನು ಬರುತ್ತದೆ, ಕೋಲುಜೇನು, ನಸರುಜೇನೂ ಬರುತ್ತವೆ, ಬಂದರೆ ಉಪಯೋಗವೂ ಇದೆ. ಆದರೆ ಸಮೀಪದಲ್ಲಿ ಹೆಚ್ಚು ರುಚಿಯ ಮಕರಂದ ಕಂಡರೆ ಮಾವನ್ನು ಬಿಟ್ಟು ಅಲ್ಲಿಗೇ ಹೋಗುತ್ತದೆ. ಮಾವಿನ ತೋಪಿಗೆ ಪೆಟ್ಟಿಗೆ ಇಡಬಾರದೆಂದಲ್ಲ, ಅದೊಂದರಿಂದಲೇ ಫಸಲು ತುಂಬುತ್ತದೆಂದು ನಂಬಬಾರದು.

ಈಗ ಚಪ್ಪರದ ಹತ್ತಿರ ಬನ್ನಿ. ಜೇನಿನ ಬೆಲೆ ಗೊತ್ತಾಗುವುದು ಇಲ್ಲಿ. ಸೌತೆ, ಹಾಗಲ, ಸಿಹಿಗುಂಬಳ, ಕಲ್ಲಂಗಡಿ, ಕರಬೂಜ, ಸೀಮೆಬದನೆ, ಈ ಬಳ್ಳಿಗಳಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ ಎಂಬಂತೆ ಇರುತ್ತದೆ. ಹೆಣ್ಣು ಹೂವಿನ ಬುಡದಲ್ಲಿ ಚಿಕ್ಕ ಹೀಚು ಇರುವುದರಿಂದ ಮಕ್ಕಳೂ ಗುರುತಿಸಬಹುದು. ಪರಾಗ ಜಿಗುಟು, ಭಾರ, ಗಾಳಿಗೆ ಹಾರದು. ಯಾರಾದರೂ ಹೊತ್ತು ತರಲೇಬೇಕು. ಅದಕ್ಕಿರುವ ಸಮಯವೂ ಬಹಳ ಕಡಿಮೆ. ಸಿಹಿಗುಂಬಳದ ಹೂವು ಬೆಳಕು ಹರಿಯುವ ಮೊದಲೇ ಅರಳಿ, ಬಿಸಿಲೇರುವಷ್ಟರಲ್ಲಿ ಮುದುಡುತ್ತದೆ. ಅದೊಂದು ಬೆಳಿಗ್ಗೆ ತಪ್ಪಿದರೆ ಆ ಹೂವಿನ ಕಥೆ ಮುಗಿಯಿತು, ಹೀಚು ಹಳದಿಯಾಗಿ ಉದುರುತ್ತದೆ. ಕಲ್ಲಂಗಡಿಯ ಹೆಣ್ಣು ಹೂವಿನ ಮೇಲೆ ಸುಮಾರು ಸಾವಿರ ಪರಾಗದ ಕಣ ಬಿದ್ದರೆ ಕಾಯಿ ದುಂಡಗೆ ತುಂಬುತ್ತದೆ, ಅದಕ್ಕಾಗಿ ಜೇನು ಎಂಟು ಹತ್ತು ಬಾರಿಯಾದರೂ ಬಂದು ಹೋಗಬೇಕು.

ಆದರೆ ಬಳ್ಳಿಗಳೆಲ್ಲ ಒಂದೇ ಅಲ್ಲ. ಸೋರೆಯ ಬಿಳಿ ಹೂವು ಅರಳುವುದು ಮುಸ್ಸಂಜೆಗೆ. ಹೀರೆಯೂ ಸಂಜೆಯ ಹೂವೇ. ಜೇನು ಮನೆ ಸೇರುವ ಹೊತ್ತಿಗೆ ಇವು ಕಣ್ಣು ಬಿಡುತ್ತವೆ. ಸೋರೆಯ ಹೂವಿಗೆ ಮುಖ್ಯವಾಗಿ ಪತಂಗಗಳೇ ಗತಿ. ಸೋರೆ ಮಾತ್ರ ಬೆಳೆದವರು ಪೆಟ್ಟಿಗೆಯಿಂದ ಹೆಚ್ಚು ನಿರೀಕ್ಷಿಸಬೇಕಾಗಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಹೀಚು ಹಳದಿಯಾಗಿ ಉದುರುವುದನ್ನು ಕಂಡ ಕೂಡಲೇ ರೋಗವೆಂದು ತಿಳಿದು ಔಷಧದ ಅಂಗಡಿಗೆ ಓಡುವವರು ಬಹಳ. ಅಂಗಡಿಯವರು ಕೊಟ್ಟದ್ದನ್ನು ಬೆಳಿಗ್ಗೆ ಹೂವು ಅರಳಿದಾಗಲೇ ಹೊಡೆದರೆ ಇದ್ದ ನಾಲ್ಕು ಜೇನೂ ಸಾಯುತ್ತವೆ, ಮುಂದಿನ ವಾರ ಉದುರುವ ಹೀಚು ಇನ್ನೂ ಹೆಚ್ಚುತ್ತದೆ, ಮತ್ತೆ ಔಷಧ. ಉದುರಿದ ಹೀಚನ್ನು ಅಡ್ಡ ಕೊಯ್ದು ನೋಡಿ. ಒಳಗೆ ಹುಳು, ಹೊರಗೆ ಚುಚ್ಚಿದ ಕಲೆ ಇದ್ದರೆ ಅದು ಹಣ್ಣುನೊಣದ ಕಾಟ. ಹುಳುವಿಲ್ಲ, ಕೊಳೆತಿಲ್ಲ, ಬೀಜವೂ ಉಬ್ಬಿಲ್ಲ ಎಂದರೆ ಪರಾಗ ತಲುಪಿಲ್ಲದಿರುವ ಸಂಭವವೇ ಹೆಚ್ಚು.

ಸೂರ್ಯಕಾಂತಿಗೂ ಜೇನು ಬೇಕೇ ಬೇಕು. ಅದರ ಒಂದು ತಟ್ಟೆಯೆಂದರೆ ನೂರಾರು ಪುಟ್ಟ ಹೂಗಳ ಗುಂಪು. ಅಂಚಿನಿಂದ ಒಳಕ್ಕೆ ದಿನಕ್ಕೊಂದು ಸುತ್ತಿನಂತೆ ಅರಳುತ್ತಾ ಹೋಗುತ್ತವೆ. ಒಂದೊಂದು ಹೂವಿನಲ್ಲೂ ಗಂಡು ಮೊದಲು, ಹೆಣ್ಣು ಆಮೇಲೆ. ಹಿಂದಿನ ತಳಿಗಳು ತಮ್ಮ ಪರಾಗವನ್ನು ತಾವೇ ಒಪ್ಪುತ್ತಿರಲಿಲ್ಲ, ತಟ್ಟೆಯ ನಡುಭಾಗವೆಲ್ಲ ಜೊಳ್ಳು. 1980ರಲ್ಲಿ ಬೆಂಗಳೂರಿನಿಂದ ಬಿಡುಗಡೆಯಾದ ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಬಿಎಸ್‌ಎಚ್-1ರ ನಂತರ ಬಂದ ಹೈಬ್ರಿಡ್‌ಗಳು ಈ ವಿಷಯದಲ್ಲಿ ಉತ್ತಮ. ಆದರೂ ಜೇನು ಓಡಾಡಿದ ಹೊಲದ ತಟ್ಟೆಯಲ್ಲಿ ತುಂಬಿದ ಕಾಳು ಹೆಚ್ಚು.

ಸೂರ್ಯಕಾಂತಿಗಿಂತಲೂ ಹಳೆಯ ನೆಂಟ ಹುಚ್ಚೆಳ್ಳು. ರಾಗಿಯ ನಡುವೆ ಅಕ್ಕಡಿ ಸಾಲು ಹಾಕುವಾಗ ಅವರೆ, ತೊಗರಿ, ಸಾಸಿವೆ, ಅಲಸಂದೆಯ ಜೊತೆಗೆ ಹುಚ್ಚೆಳ್ಳನ್ನೂ ಹಾಕುವುದು ನಮ್ಮ ಹಿರಿಯರ ಕ್ರಮ. ಹುಚ್ಚೆಳ್ಳು ತನ್ನ ಪರಾಗದಿಂದ ತಾನು ಕಾಳು ಕಟ್ಟದು, ಜೇನು ಬಂದರೆ ಮಾತ್ರ ಕಾಳು. ಮಳೆಗಾಲ ಮುಗಿಯುವ ಹೊತ್ತಿಗೆ ಅದರ ಹಳದಿ ಹೂವು ಜೇನಿಗೆ ಒಳ್ಳೆಯ ಮೇವು. ಒಂದೇ ಬೆಳೆಯನ್ನು ಎಕರೆಗಟ್ಟಲೆ ಹಾಕುವ ಪದ್ಧತಿ ಬಂದ ಮೇಲೆ ಅಕ್ಕಡಿ ಸಾಲು ತೆಳುವಾಯಿತು, ಅದರೊಂದಿಗೆ ಹೊಲದ ಜೇನೂ ತೆಳುವಾಯಿತು. ನನ್ನ ಮಟ್ಟಿಗೆ, ಚಪ್ಪರದ ಬೆಳೆಯ ರೈತ ಪೆಟ್ಟಿಗೆ ಕೊಳ್ಳುವ ಮೊದಲು ಮಾಡಬೇಕಾದದ್ದು ಬದುವಿನಲ್ಲಿ ಎರಡು ಸಾಲು ಹುಚ್ಚೆಳ್ಳು ಬಿತ್ತುವ ಕೆಲಸ. ಖರ್ಚು ಒಂದು ಹಿಡಿ ಬೀಜ.

ಯಾವ ಜೇನು, ಎಷ್ಟು ಪೆಟ್ಟಿಗೆ?

ನಮ್ಮಲ್ಲಿ ಹೆಜ್ಜೇನು ಇದೆ, ಬಂಡೆಯ ಚಾಚಿನಲ್ಲಿ, ಆಲದ ಕೊಂಬೆಯಲ್ಲಿ, ನೀರಿನ ಟ್ಯಾಂಕಿನ ಅಡಿಯಲ್ಲಿ ಕಟ್ಟುತ್ತದೆ. ಒಳ್ಳೆಯ ದುಡಿಮೆಗಾರ, ಆದರೆ ಪೆಟ್ಟಿಗೆಗೆ ಒಗ್ಗುವುದಿಲ್ಲ. ಕೋಲುಜೇನೂ ಅಷ್ಟೇ. ಪೆಟ್ಟಿಗೆಗೆ ಬರುವುದು ಪೊಟರೆಯಲ್ಲಿ ಸಾಲು ಸಾಲಾಗಿ ಎರಿ ಕಟ್ಟುವ ನಮ್ಮ ತುಡುವೆ, ಹೊರಗಿನಿಂದ ತಂದ ಯುರೋಪಿನ ಮೆಲ್ಲಿಫೆರಾ, ಮತ್ತು ಗೋಡೆಯ ಸಂದಿಯಲ್ಲಿರುವ ಮುಳ್ಳಿಲ್ಲದ ನಸರುಜೇನು.

1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆಗೆ ಬಡಿಯಿತು. ಮರಿಗಳು ಕೋಣೆಯಲ್ಲೇ ನೀರು ತುಂಬಿದ ಚೀಲದಂತಾಗಿ ಸಾಯುತ್ತಿದ್ದವು. ಕೊಡಗು, ಕರಾವಳಿ, ಮಲೆನಾಡುಗಳಲ್ಲಿ ಸಾಕಿದ್ದ ಕುಟುಂಬಗಳಲ್ಲಿ ಬಹುಪಾಲು ನಾಶವಾದವು. ಮೆಲ್ಲಿಫೆರಾ ನಮ್ಮ ಕಡೆ ಹೆಚ್ಚಿದ್ದು ಆಮೇಲೆ. ತುಡುವೆ ನಿಧಾನವಾಗಿ ಚೇತರಿಸಿಕೊಂಡಿದೆ. ಮೆಲ್ಲಿಫೆರಾ ಹೆಚ್ಚು ತುಪ್ಪ ಕೊಡುತ್ತದೆ, ಆದರೆ ಹೊಟ್ಟೆಬಾಕ. ಹೂವು ಮುಗಿದ ಕಡೆಯಿಂದ ಹೂವಿರುವ ಕಡೆಗೆ ಪೆಟ್ಟಿಗೆ ಹೊತ್ತು ತಿರುಗುವವರಿಗೆ ಅದು ಸರಿ. ಎರಡು ಮೂರು ಎಕರೆಯ ರೈತನಿಗೆ ತುಡುವೆಯೇ ಹೊಂದುತ್ತದೆ. ಅಲ್ಪ ಮೇವಿನಲ್ಲಿ ಬದುಕುತ್ತದೆ, ಬೆಳಗಿನ ತಂಪಿನಲ್ಲೇ ಕೆಲಸಕ್ಕೆ ಹೊರಡುತ್ತದೆ. ಕುಂಬಳದ ಹೂವಿಗೆ ಬೇಕಾದದ್ದೂ ಅದೇ.

ಸೌತೆ, ಕಲ್ಲಂಗಡಿ, ಸೂರ್ಯಕಾಂತಿಗಳಿಗೆ ಎಕರೆಗೆ ತುಡುವೆಯ ಎರಡು ಪೆಟ್ಟಿಗೆ ಎಂಬುದು ಸಾಮಾನ್ಯ ಲೆಕ್ಕ. ಇದಕ್ಕಿಂತ ಮುಖ್ಯವಾದದ್ದು ಸಮಯ. ನೂರಕ್ಕೆ ಐದು ಹತ್ತು ಹೂವು ಅರಳಿದ ಮೇಲೆ ಪೆಟ್ಟಿಗೆ ತನ್ನಿ. ಬಹಳ ಮೊದಲೇ ತಂದರೆ ಹುಳುಗಳು ಬೇರೆ ಯಾವುದೋ ಹೂವಿನ ದಾರಿ ಹಿಡಿದುಬಿಡುತ್ತವೆ, ನಿಮ್ಮ ಹೂವು ಅರಳಿದಾಗ ಇತ್ತ ತಿರುಗಿಯೂ ನೋಡುವುದಿಲ್ಲ. ಪೆಟ್ಟಿಗೆ ಸಾಗಿಸುವುದು ರಾತ್ರಿ, ಬಾಗಿಲು ಮುಚ್ಚಿ. ಒಂದೇ ಊರಿನೊಳಗೆ ಅರ್ಧ ಕಿಲೋಮೀಟರ್ ದೂರಕ್ಕೆ ಇಟ್ಟರೆ ಬೆಳಿಗ್ಗೆ ಹೊರಟ ಹುಳುಗಳು ಹಳೆಯ ಜಾಗಕ್ಕೇ ಮರಳಿ ಗೂಡು ಕಾಣದೆ ಕೆಡುತ್ತವೆ. ನೆರಳು, ಬೆಳಗಿನ ಎಳೆಬಿಸಿಲು, ಹತ್ತಿರದಲ್ಲೊಂದು ನೀರಿನ ತೊಟ್ಟಿ, ಅದರಲ್ಲಿ ಹುಳು ಮುಳುಗದಂತೆ ನಾಲ್ಕು ಕಲ್ಲು. ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಟ್ಟರೆ ಇರುವೆ ಹತ್ತದು. ಹೂವಿಲ್ಲದ ತಿಂಗಳುಗಳಲ್ಲಿ ಸಕ್ಕರೆ ಪಾಕ ಕೊಡಬೇಕು. ಹೊಂಗೆ, ಬೇವು, ಹುಣಸೆ, ನೇರಳೆ ಹೂವಿಡುವಾಗ ಆ ಚಿಂತೆಯಿಲ್ಲ. ನೀಲಗಿರಿ ತೋಪೂ ಜೇನಿಗೆ ಮೇವೇ. ಅಂತರ್ಜಲದ ಕಾರಣಕ್ಕೆ 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು ಸರಿಯೇ. ಅದನ್ನು ಕಿತ್ತ ಜಾಗದಲ್ಲಿ ಹೊಂಗೆ ನೇರಳೆ ಬಂದರೆ ಜೇನಿಗೆ ನಷ್ಟವಿಲ್ಲ.

ಆಟದಲ್ಲಿಲ್ಲದ ನೆರೆಹೊಲದವನು

ಆಟದ ಹೊಲಕ್ಕೂ ನಮ್ಮ ಹೊಲಕ್ಕೂ ಇರುವ ದೊಡ್ಡ ವ್ಯತ್ಯಾಸ ಇನ್ನೂ ಹೇಳಿಲ್ಲ. ಆಟದಲ್ಲಿ ಕಣ್ಣಿಗೆ ಕಂಡ ಹೊಲವೆಲ್ಲ ಆಡುವವನದೇ. ನಮ್ಮಲ್ಲಿ ಹಾಗಲ್ಲ. ತುಡುವೆ ಸಾಮಾನ್ಯವಾಗಿ ಒಂದು ಕಿಲೋಮೀಟರಿನಷ್ಟು ದೂರ ಹೋಗಿ ಮೇವು ತರುತ್ತದೆ. ಒಂದು ಕಿಲೋಮೀಟರ್ ಸುತ್ತಳತೆಯ ವೃತ್ತವನ್ನಲ್ಲ, ಪೆಟ್ಟಿಗೆಯಿಂದ ಎಲ್ಲ ದಿಕ್ಕಿಗೂ ಒಂದೊಂದು ಕಿಲೋಮೀಟರ್ ಲೆಕ್ಕ ಹಾಕಿ. ಸುಮಾರು 775 ಎಕರೆಯಾಗುತ್ತದೆ. ಅದರಲ್ಲಿ ನಿಮ್ಮದು ಎರಡು ಎಕರೆ. ಉಳಿದ 773 ಎಕರೆಯಲ್ಲಿ ಯಾರು ಯಾವಾಗ ಏನು ಹೊಡೆಯುತ್ತಾರೆ ಎಂಬುದರ ಮೇಲೆ ನಿಮ್ಮ ಪೆಟ್ಟಿಗೆಯ ಆಯುಸ್ಸು ನಿಂತಿದೆ.

ಟೊಮ್ಯಾಟೊಗೆ ಜೇನು ಬೇಡವೆಂದು ಆಗಲೇ ಹೇಳಿದೆವು. ಆದರೆ ಹೆಚ್ಚು ಔಷಧ ಬೀಳುವ ಬೆಳೆಗಳಲ್ಲಿ ಅದೂ ಒಂದು. ಎಲೆಮುದುಡು ರೋಗ ಹರಡುವ ಬಿಳಿನೊಣ, ಕಾಯಿಕೊರಕ, 2014ರಲ್ಲಿ ದೇಶಕ್ಕೆ ಕಾಲಿಟ್ಟ ಊಜಿಯಂಥ ಟೂಟಾ ಹುಳು, ಒಂದರ ಹಿಂದೆ ಒಂದು. ಟೊಮ್ಯಾಟೊ ಸಾಲಿನ ನಡುವೆ ಇರುವ ಕಳೆಹೂವಿಗೋ, ಅಂಚಿನ ಚೆಂಡುಹೂವಿಗೋ ಜೇನು ಬಂದಿರುತ್ತದೆ. ಮಾವಿನಲ್ಲಿ ಜಿಗಿಹುಳುವಿಗೆಂದು ಹೂವು ತುಂಬಿ ಅರಳಿದಾಗಲೇ ಹೊಡೆದರೆ ಜೇನೂ ಸಾಯುತ್ತದೆ, ಮಾವಿಗೆ ಪರಾಗ ತರುವ ನೊಣವೂ ಸಾಯುತ್ತದೆ. ಜಿಗಿಹುಳುವಿಗೆ ಹೂಗೊಂಚಲು ಹೊರಡುವಾಗ ಒಮ್ಮೆ, ಕಾಯಿ ಬಟಾಣಿಯಷ್ಟಾದಾಗ ಬೇಕಾದರೆ ಇನ್ನೊಮ್ಮೆ ಹೊಡೆಯಿರಿ. ಹೂವು ಪೂರ್ಣ ಅರಳಿದ ದಿನಗಳಲ್ಲಿ ಬೇಡ. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್‌ನಂಥವು ಗಿಡದ ರಸಕ್ಕೇ ಸೇರಿ ಮಕರಂದಕ್ಕೂ ಬರುತ್ತವೆ. ಯುರೋಪ್ ಒಕ್ಕೂಟ 2018ರಲ್ಲಿ ಇವುಗಳನ್ನು ಬಯಲು ಹೊಲದಲ್ಲಿ ಬಳಸುವುದನ್ನೇ ನಿಷೇಧಿಸಿತು. ಕ್ಲೋರ್‌ಪೈರಿಫಾಸ್, ಮೆಲಾಥಿಯಾನ್ ತಗಲಿದ ಹುಳು ಗೂಡು ಮುಟ್ಟುವುದೂ ಕಷ್ಟ.

ಕೋಲಾರದ ರೈತನಿಗೆ ಈ ಮಾತು ಹೊಸದಲ್ಲ. ರೇಷ್ಮೆ ಸಾಕುವ ಮನೆಯವರು ಪಕ್ಕದ ಹೊಲದ ಔಷಧದ ಗಾಳಿ ಹಿಪ್ಪುನೇರಳೆಗೆ ತಗಲಿದರೆ ಏನಾಗುತ್ತದೆಂದು ಬಲ್ಲರು. ಒಂದು ಬೆಳೆ ಹುಳು ರಾತ್ರಿ ಬೆಳಗಾಗುವುದರಲ್ಲಿ ತಟ್ಟೆಯಲ್ಲೇ ಸತ್ತು ಬಿದ್ದಿರುತ್ತದೆ. ಅದಕ್ಕಾಗಿಯೇ ಅನೇಕ ಊರುಗಳಲ್ಲಿ ಹೊಡೆಯುವ ಮೊದಲು ಪಕ್ಕದವರಿಗೆ ಒಂದು ಮಾತು ಹೇಳುವ ರೂಢಿ ಇದೆ. ಜೇನಿಗೂ ಅದೇ ರೂಢಿ ಸಾಕು. ಸಂಜೆ ಜೇನು ಗೂಡು ಸೇರಿದ ಮೇಲೆ ಹೊಡೆಯಿರಿ. ಹಿಂದಿನ ದಿನವೇ ತಿಳಿಸಿದರೆ ಪೆಟ್ಟಿಗೆಯವರು ನಸುಕಿನಲ್ಲೇ ಬಾಗಿಲಿಗೆ ಜಾಲರಿ ಹಾಕಿ, ನೆರಳಿನಲ್ಲಿ ಒದ್ದೆ ಗೋಣಿ ಹೊದಿಸಿ ಅರ್ಧ ದಿನ ಹುಳುಗಳನ್ನು ಒಳಗಿಡಬಹುದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಾದಾಮಿ ಮರ ಹೂವಿಡುವ ಫೆಬ್ರವರಿಯಲ್ಲಿ 20 ಲಕ್ಷಕ್ಕೂ ಹೆಚ್ಚು ಪೆಟ್ಟಿಗೆಗಳು ಬಾಡಿಗೆಗೆ ಬಂದು ಇಳಿಯುತ್ತವೆ, ಯಾವಾಗ ಏನು ಹೊಡೆಯಬೇಕೆಂಬುದು ತೋಟದವನಿಗೂ ಜೇನಿನವನಿಗೂ ಮೊದಲೇ ಮಾತಾಗಿರುತ್ತದೆ. ನಮ್ಮಲ್ಲಿ ಕಾಗದದ ಕರಾರು ಬೇಕಿಲ್ಲ, ಚಹಾ ಅಂಗಡಿಯ ಮುಂದೆ ಆಡುವ ಮಾತು ಸಾಕು.

ಇಷ್ಟಾದ ಮೇಲೂ ನಿಮ್ಮ ಹೊಲಕ್ಕೆ ಪೆಟ್ಟಿಗೆ ಬೇಕೇ ಬೇಡವೇ ಎಂಬ ಸಂದೇಹ ಉಳಿದರೆ, ಯಾರನ್ನೂ ಕೇಳದೆ ನೀವೇ ಪರೀಕ್ಷಿಸುವ ಒಂದು ದಾರಿಯಿದೆ. ಇದರಲ್ಲಿ ಮಕ್ಕಳನ್ನೂ ಸೇರಿಸಿಕೊಳ್ಳಿ, ಆಟಕ್ಕಿಂತ ಅವರಿಗೆ ಇದೇ ಹೆಚ್ಚು ಹಿಡಿಸಬಹುದು. ಕುಂಬಳವೋ ಸೌತೆಯೋ, ನಾಳೆ ಅರಳಲಿರುವ ಮೂವತ್ತು ಹೆಣ್ಣು ಮೊಗ್ಗುಗಳನ್ನು ಸಂಜೆಯೇ ಗುರುತಿಸಿ ಬಣ್ಣದ ದಾರ ಕಟ್ಟಿ. ಹತ್ತಕ್ಕೆ ಹಳೆಯ ಸೊಳ್ಳೆಪರದೆಯ ಬಟ್ಟೆಯಿಂದ ಚೀಲ ಹೊಲಿದು ಮುಚ್ಚಿ. ಹತ್ತನ್ನು ಹಾಗೆಯೇ ಬಿಡಿ. ಉಳಿದ ಹತ್ತಕ್ಕೆ ಬೆಳಿಗ್ಗೆ ಅರಳಿದ ಕೂಡಲೇ ಗಂಡು ಹೂವು ಕಿತ್ತು, ದಳ ಸುಲಿದು, ಪರಾಗವನ್ನು ಕೈಯಾರೆ ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ತಾಕಿಸಿ. ಸಂಜೆ ಚೀಲ ಬಿಚ್ಚಿ. ಹತ್ತು ದಿನ ಬಿಟ್ಟು ಎಣಿಸಿ. ಮುಚ್ಚಿದ ಹೂಗಳಲ್ಲಿ ಬಹುಶಃ ಒಂದೂ ನಿಂತಿರುವುದಿಲ್ಲ. ಹಾಗೆಯೇ ಬಿಟ್ಟವೂ ಕೈಯಿಂದ ತಾಕಿಸಿದವೂ ಹೆಚ್ಚು ಕಡಿಮೆ ಸಮನಾಗಿ ಕಚ್ಚಿದ್ದರೆ ನಿಮ್ಮ ಸುತ್ತಲಿನ ಕಾಡುಜೇನೇ ಕೆಲಸ ಪೂರೈಸುತ್ತಿದೆ, ಪೆಟ್ಟಿಗೆಯ ಖರ್ಚು ಬೇಡ. ಕೈಯಿಂದ ತಾಕಿಸಿದವು ಎಂಟು, ಹಾಗೆಯೇ ಬಿಟ್ಟವು ಮೂರು ಎಂಬಂತೆ ಬಂದರೆ ಆ ಐದು ಕಾಯಿಯ ಅಂತರವೇ ನಿಮಗೆ ಆಗುತ್ತಿರುವ ನಷ್ಟ. ಆಗ ತೋಟಗಾರಿಕೆ ಇಲಾಖೆಯ ಕಚೇರಿಗೋ, ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಗಿ ತರಬೇತಿ, ಪೆಟ್ಟಿಗೆಗಳ ವಿಚಾರ ಕೇಳಿಕೊಳ್ಳಿ. ಹೋಗುವಾಗ ಎಣಿಸಿ ಬರೆದಿಟ್ಟ ಚೀಟಿ ಜೇಬಿನಲ್ಲಿರಲಿ.